ಉಪ್ಪಿನ ತೆರಿಗೆ ಮತ್ತು ಮತವಿಲ್ಲದ ಬಾರಾಮತಿ

1885ರಲ್ಲಿ ನೀರಾ ಎಡದಂಡೆ ಕಾಲುವೆ ಹರಿದ ಮೇಲೆ ಪುಣೆ ಜಿಲ್ಲೆಯ ಬಾರಾಮತಿಯ ರೈತ ಕಂದಾಯದ ಜೊತೆ ನೀರಿನ ಕರವನ್ನೂ ಕಟ್ಟತೊಡಗಿದ. ಉಪ್ಪಿನ ತೆರಿಗೆಯಂತೂ ಕೂಲಿಯವನನ್ನೂ ಬಿಟ್ಟಿರಲಿಲ್ಲ. ಆದರೆ ಆ ತೆರಿಗೆ ಚರ್ಚೆಯಾಗುತ್ತಿದ್ದ ವೈಸರಾಯರ ಶಾಸನ ಪರಿಷತ್ತಿಗೆ ಇವರಾರೂ ಮತ ಹಾಕುವಂತಿರಲಿಲ್ಲ. ಪುಣೆಯ ಗೋಪಾಲಕೃಷ್ಣ ಗೋಖಲೆ 1902ರಲ್ಲಿ ಅಲ್ಲಿಗೆ ಹೋದದ್ದು ಮುಂಬಯಿ ಪರಿಷತ್ತಿನ ಬೆರಳೆಣಿಕೆಯ ಸರ್ಕಾರೇತರ ಸದಸ್ಯರ ಆಯ್ಕೆಯಿಂದ. ಹಾಗಾದರೆ ವೈಸರಾಯರ ಪರಿಷತ್ತು ಬರೀ ದರ್ಬಾರಿನ ಅಲಂಕಾರವೇ? ಹಾಗನ್ನಲು ಆಧಾರಗಳೇನೋ ಇವೆ. 1909ರ ಸುಧಾರಣೆಯ ನಂತರವೂ ಅಲ್ಲಿ ಅಧಿಕಾರಿಗಳದೇ ಬಹುಮತ. ಗೋಖಲೆಯವರ ಪ್ರಾಥಮಿಕ ಶಿಕ್ಷಣ ಮಸೂದೆ 1912ರಲ್ಲಿ 13 ಮತಗಳಿಗೆ ಎದುರಾಗಿ 38ರಿಂದ ಬಿದ್ದುಹೋಯಿತು.

ಆದರೂ ಆ ಸಭೆಯನ್ನು ಮತ ಎಣಿಸಿ ಅಳೆಯುವುದು ಸರಿಯಲ್ಲ. ಬಜೆಟ್ಟಿನ ಉಳಿತಾಯ ಜನರ ಸಮೃದ್ಧಿಯಲ್ಲ, ಅಗತ್ಯ ಮೀರಿದ ವಸೂಲಿ ಎಂದು ಗೋಖಲೆ ಸರ್ಕಾರದ ಅಂಕಿಗಳಿಂದಲೇ ತೋರಿಸಿದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಉಪ್ಪಿನ ತೆರಿಗೆ 1903ರಿಂದ ಹಂತಹಂತವಾಗಿ ಇಳಿದು 1907ಕ್ಕೆ ಒಂದು ರೂಪಾಯಿಗೆ ಬಂತು. ಬೊಕ್ಕಸ ತುಂಬಿದ್ದರಿಂದ ಇಳಿಸಿದರು, ಭಾಷಣದಿಂದಲ್ಲ ಎನ್ನಬಹುದು. ನಿಜ, ಹಣವಿಲ್ಲದೆ ಇಳಿಕೆಯಿಲ್ಲ. ಆದರೆ ಅದೇ ಹಣ ಸೇನೆಗೋ ರೈಲಿಗೋ ಹೋಗಬಹುದಿತ್ತಲ್ಲ! ಹೋಗದಂತೆ ವಾದಿಸುವ ದನಿಯೊಂದು ವರ್ಷವರ್ಷವೂ ದಾಖಲಾಗುತ್ತಿತ್ತು. ಮುಂದೆ 1923ರಲ್ಲಿ, ಚುನಾಯಿತರ ಬಹುಮತವಿದ್ದ ಕೇಂದ್ರ ಶಾಸನಸಭೆ ಉಪ್ಪಿನ ತೆರಿಗೆಯನ್ನು ದುಪ್ಪಟ್ಟುಗೊಳಿಸುವುದನ್ನು ತಿರಸ್ಕರಿಸಿದರೂ ವೈಸರಾಯ್ ರೀಡಿಂಗ್ ತಮ್ಮ ವಿಶೇಷಾಧಿಕಾರದಿಂದ ಅದನ್ನು ಹೇರಿದರು. ಮರುವರ್ಷ ಹಳೆಯ ದರಕ್ಕೇ ಮರಳಬೇಕಾಯಿತು.