ಬಸ್ಸೂ ಅಲ್ಲ, ರೈಲೂ ಅಲ್ಲ

ರಾಜಾಜಿನಗರದ ನಮ್ಮ ಮನೆಯಿಂದ ಯಶವಂತಪುರದ ರೈಲುನಿಲ್ದಾಣಕ್ಕೆ ನಡೆದೇ ಹೋಗಬಹುದು. ಅಲ್ಲಿಂದ ಯಲಹಂಕ, ದೇವನಹಳ್ಳಿ, ನಂದಿಯ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಹಾಸಿದ್ದರೆಂದರೆ ಇಂದಿನ ಹುಡುಗರು ನಗುತ್ತಾರೆ. ಬಂಗಾರಪೇಟೆಯಿಂದ ಕೋಲಾರಕ್ಕೆ ಅದೇ ಅಳತೆಯ ಹಳಿ 1913ರಲ್ಲೇ ಬಂದಿತ್ತು; ಮುಂದೆ ಎರಡೂ ಕೂಡಿಕೊಂಡವು. ಬಾಲ್ಯದಲ್ಲಿ ಯಲಹಂಕದಿಂದ ಅಜ್ಜಿಯ ಊರಿಗೆ ನಾವು ಹೋಗುತ್ತಿದ್ದುದು ಆ ಪುಟ್ಟ ಗಾಡಿಯಲ್ಲೇ. ಇಂಜಿನ್ನು ನೀರು ಕುಡಿಯುವಷ್ಟರಲ್ಲಿ ಅಜ್ಜಿ ಬುತ್ತಿ ಬಿಚ್ಚಿ, ಉಣಬಡಿಸಿ, ಮತ್ತೆ ಕಟ್ಟುತ್ತಿದ್ದರು.

ಆ ನೀರೇ ತೊಡಕಿನ ಮೂಲ. ಉಗಿಯಂತ್ರವನ್ನು ಹೊರಡಿಸಲು ಗಂಟೆಗಟ್ಟಲೆ ಮೊದಲೇ ಬೆಂಕಿ ಹಾಕಬೇಕು, ಕಲ್ಲಿದ್ದಲಿಗೆ ಆಳು ಬೇಕು. ಹತ್ತಿಪ್ಪತ್ತು ಜನರಿಗಾಗಿ ಇಷ್ಟು ವೆಚ್ಚವೇಕೆ? ಈ ಪ್ರಶ್ನೆಯಿಂದಲೇ ಜಗತ್ತಿನಲ್ಲಿ ರೈಲುಕಾರು ಹುಟ್ಟಿತು: ತನ್ನೊಳಗೇ ಎಂಜಿನ್ ಇರುವ, ಒಬ್ಬನೇ ಚಾಲಕ ನಡೆಸಬಹುದಾದ ಒಂಟಿ ಡಬ್ಬಿ. ನಮ್ಮ ಹಳಿಯಷ್ಟೇ ಅಗಲದ ಕಾಲ್ಕಾ–ಶಿಮ್ಲಾ ಮಾರ್ಗಕ್ಕೆ ಡ್ರೂರಿ ಕಂಪನಿಯ ಪೆಟ್ರೋಲ್ ರೈಲುಕಾರುಗಳು 1927ರಲ್ಲಿ ಬಂದವು. ಬಳಿಕ ಅವುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಆ ಮಾರ್ಗ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ನಮ್ಮಲ್ಲಿ ಅದರ ದಾಯಾದಿ ಬಂದದ್ದು ತಡವಾಗಿ. ಹಳಿ ಬ್ರಾಡ್‌ಗೇಜ್ ಆದ ಮೇಲೆ ಕೋಲಾರ–ಬಂಗಾರಪೇಟೆ ನಡುವೆ ರೈಲುಬಸ್ಸು ಕೆಲವು ವರ್ಷ ಓಡಿತು; ಶಿವಮೊಗ್ಗ–ತಾಳಗುಪ್ಪದ ಮೀಟರ್‌ಗೇಜಿನಲ್ಲೂ ಒಂದಿತ್ತು. ಕೋಲಾರ–ಚಿಕ್ಕಬಳ್ಳಾಪುರ ಭಾಗ 2013ರಲ್ಲಿ ಬ್ರಾಡ್‌ಗೇಜ್ ಆಗಿ ತೆರೆಯಿತು. ಇಂಟ್ಯಾಕ್ ಸಂಸ್ಥೆಯವರು ನಂದಿ ಹಾಲ್ಟ್‌ನ ಹಳೆಯ ಕಟ್ಟಡವನ್ನು ಚೆನ್ನಾಗಿಯೇ ದುರಸ್ತಿ ಮಾಡಿದ್ದಾರೆ. ಉಗಿಯಂತ್ರಗಳಿಗೂ ಅಭಿಮಾನಿಗಳುಂಟು. ಈ ಡೀಸೆಲ್ ಡಬ್ಬಿಗೆ ಮಾತ್ರ ಕವಿಗಳಿಲ್ಲ; ಹೊಗೆಯ ಗಾಂಭೀರ್ಯವೂ ಇಲ್ಲ, ಬಸ್ಸಿನ ಸಲುಗೆಯೂ ಇಲ್ಲ. 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ರಸ್ತೆಯಿಂದ ಹಳಿಗೆ ಬಡ್ತಿ ಪಡೆದ ಆಸ್ಟಿನ್ ಕಾರೊಂದಿದೆ. ಮೊಮ್ಮಗಳು ಅದನ್ನು ಕಂಡು, “ತಾತ, ಇದು ಓಡಲ್ವಾ?” ಎಂದಳು.

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಬಣ್ಣ ಬಳಿದು ನೆರಳಲ್ಲಿಟ್ಟ ಮಾತ್ರಕ್ಕೆ ಡೀಸೆಲ್ ಯಂತ್ರ ಉಳಿಯುವುದಿಲ್ಲ. ರಬ್ಬರ್ ಸೀಲುಗಳು ಬಿರಿಯುತ್ತವೆ, ಎಣ್ಣೆ ಅಂಟಾಗಿ ಇಂಜೆಕ್ಟರು ಕಟ್ಟಿಕೊಳ್ಳುತ್ತದೆ. ಅದನ್ನು ಆಗಾಗ ಓಡಿಸಬೇಕು. ಓಡಿಸಲು ಅದರ ಮರ್ಮ ಬಲ್ಲವರು ಬೇಕು. ಅಂಥ ನಿವೃತ್ತ ಫಿಟ್ಟರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಯಾವ ಸಿಲಿಂಡರು ಕೈಕೊಡುತ್ತಿದೆಯೆಂದು ಸದ್ದಿನಿಂದಲೇ ಹೇಳಬಲ್ಲರು. ಅವರಿಗೀಗ ಎಂಬತ್ತೊಂದು. ಏನು ಗೊತ್ತೆಂದು ಇದುವರೆಗೆ ಅವರನ್ನು ಯಾರೂ ಕೇಳಿಲ್ಲ.