ಕಂತು ಕಂತಾಗಿ ಬಂದ ಭೂತ

ವಿಕ್ರಮನ ಹೆಗಲೇರಿದ ಬೇತಾಳವನ್ನು ಅರಿಯದ ಕನ್ನಡಿಗರು ವಿರಳ. ನಡುರಾತ್ರಿ, ಸ್ಮಶಾನ, ಹೆಣವನ್ನು ಹೊಕ್ಕ ಬೇತಾಳ. ಅದು ಒಂದು ಕಥೆ ಹೇಳುತ್ತದೆ, ಕೊನೆಗೊಂದು ಪ್ರಶ್ನೆ ಕೇಳುತ್ತದೆ. ರಾಜನು ಬಾಯಿ ತೆರೆದೊಡನೆ ಮತ್ತೆ ಮರವೇರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ತನ್ನ ‘ಕಥಾಸರಿತ್ಸಾಗರ’ದಲ್ಲಿ ಈ ಕಥಾಮಾಲೆಗೆ ಎಡೆಗೊಟ್ಟಿದ್ದಾನೆ. ಭಯವನ್ನು ಒಮ್ಮೆಗೇ ಬಡಿಸದೆ ತುತ್ತು ತುತ್ತಾಗಿ ಉಣಿಸುವ ಕಲೆ ಅಷ್ಟು ಹಳೆಯದು.

ಈಗ ತಮ್ಮ ಮನೆಯ ಹದಿಹರೆಯದ ಹುಡುಗನೋ ಹುಡುಗಿಯೋ ದೀಪವಾರಿಸಿ ಮೊಬೈಲಿನಲ್ಲಿ ನೋಡುವ ಭೂತದ ಧಾರಾವಾಹಿಯೂ ಇದೇ ವಂಶದ ಕುಡಿ. ಅದನ್ನು ತಯಾರಿಸುವವರೂ ಬಹುಮಟ್ಟಿಗೆ ಎಳೆಯರೇ. ಕೈಯಲ್ಲಿ ಹಣವಿಲ್ಲ, ಒಂದು ಕ್ಯಾಮರಾ, ನಾಲ್ವರು ಗೆಳೆಯರು, ಊರಾಚೆಯ ಒಂದು ಪಾಳುಮನೆ, ಇಷ್ಟೇ ಬಂಡವಾಳ. ಇದರ ಪೂರ್ವೋತ್ತರವನ್ನು ಬಲ್ಲವರು ಇದಕ್ಕೆ ಬೆದರುವುದಿಲ್ಲ. ಇದನ್ನು ತಾತ್ಸಾರವನ್ನೂ ಮಾಡುವುದಿಲ್ಲ.

ಅಗ್ಗದ ಭಯಕ್ಕೆ ಮೊದಲ ದೊಡ್ಡ ಪೇಟೆ ತೆರೆದದ್ದು ಲಂಡನ್ನಿನಲ್ಲಿ. ೧೮೩೬ರಲ್ಲಿ ಡಿಕನ್ಸ್ ಮಹಾಶಯನ ‘ಪಿಕ್‌ವಿಕ್ ಪೇಪರ್ಸ್’ ತಿಂಗಳ ಕಂತುಗಳಾಗಿ ಹೊರಟಾಗ ಒಂದೊಂದು ಕಂತಿನ ಬೆಲೆ ಒಂದು ಷಿಲಿಂಗು, ಎಂದರೆ ಹನ್ನೆರಡು ಪೆನ್ನಿ. ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ಅದು ಎಟುಕದ ಹಣ್ಣು. ಆ ಹುಡುಗರಿಗಾಗಿ ಎಡ್ವರ್ಡ್ ಲಾಯ್ಡ್ ಮುಂತಾದ ಪ್ರಕಾಶಕರು ವಾರಕ್ಕೊಂದು ಕಂತನ್ನು ಒಂದೇ ಪೆನ್ನಿಗೆ ಕೊಟ್ಟರು. ೧೮೪೫ರಿಂದ ೧೮೪೭ರವರೆಗೆ ಹೀಗೆ ಹೊರಟ ‘ವಾರ್ನಿ ದ ವ್ಯಾಂಪೈರ್’ ರಕ್ತ ಹೀರುವ ಪಿಶಾಚಿಯ ಕಥೆ; ಇನ್ನೂರಕ್ಕೂ ಮೇಲ್ಪಟ್ಟ ಅಧ್ಯಾಯಗಳು. ಕಾಗದ ಒರಟು, ಚಿತ್ರ ಒರಟು, ಗದ್ಯವೂ ಒರಟು. ಆದರೂ ಮುಂದಿನ ವಾರಕ್ಕಾಗಿ ಓದುಗರು ಕಾದರು.

ಈ ಕಾಯುವಿಕೆಯಲ್ಲಿಯೇ ಗುಟ್ಟು ಇದೆ. ೧೯೯೦ರ ದಶಕದಲ್ಲಿ ಬೆಂಗಳೂರಿನ ಕೆಲವು ಕಡೆ ಭೂತವನ್ನು ಮರಳಿಸಲು ಮನೆಯ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದದ್ದುಂಟು. ಧಾರಾವಾಹಿಯವನು ಅದೇ ಮಾತನ್ನು ನಮ್ಮ ಕಡೆಗೆ ತಿರುಗಿಸಿ ಹೇಳುತ್ತಾನೆ. ಎರಡು ಕಂತುಗಳ ನಡುವಿನ ದಿನಗಳಲ್ಲಿ ಕಥೆ ಬೆಳೆಯುವುದು ಅವನ ಕೈಯಲ್ಲಲ್ಲ, ಕೇಳಿದವರ ಮನಸ್ಸಿನಲ್ಲಿ.

ಇದಕ್ಕೆ ನಿಜದ ವೇಷವೂ ಸೇರಿದರೆ ಏನಾಗುವುದೆಂಬುದನ್ನು ರೇಡಿಯೋ ತೋರಿಸಿಕೊಟ್ಟಿತು. ೧೯೩೮ರ ಅಕ್ಟೋಬರ್ ೩೦ರ ರಾತ್ರಿ ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಎಂಬ ೨೩ ವರ್ಷದ ತರುಣನು, ಮಂಗಳಗ್ರಹದವರು ಭೂಮಿಗೆ ದಾಳಿಯಿಟ್ಟ ಕಥೆಯನ್ನು ವಾರ್ತಾಪ್ರಸಾರದ ಧಾಟಿಯಲ್ಲಿ ನಾಟಕವಾಗಿಸಿದನು. ದೇಶವೇ ದಿಕ್ಕೆಟ್ಟು ಓಡಿತೆಂದು ಮರುದಿನದ ಪತ್ರಿಕೆಗಳು ಬಣ್ಣಿಸಿದ್ದು ಅತಿಶಯೋಕ್ತಿ. ಆದರೆ ಕೆಲವರು ಅದನ್ನು ನಿಜವಾದ ವಾರ್ತೆಯೆಂದೇ ನಂಬಿದ್ದು ದಿಟ.

ನಮ್ಮ ಆಲಂಕಾರಿಕರು ಇಲ್ಲಿಯೇ ಒಂದು ಗೆರೆ ಎಳೆದಿದ್ದಾರೆ. ‘ಭಯ’ವೆಂಬುದು ಸ್ಥಾಯೀಭಾವ, ‘ಭಯಾನಕ’ವೆಂಬುದು ರಸ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ ಓಡುವ ಜಿಂಕೆಯನ್ನು ಅಭಿನವಗುಪ್ತನು ಉದಾಹರಣೆಯಾಗಿ ಕೊಡುತ್ತಾನೆ. ನೋಡುವ ಸಹೃದಯನಿಗೆ ಅಲ್ಲಿ ‘ನಾನು ಹೆದರಿದೆ’ ಎಂಬ ಅನುಭವವಿಲ್ಲ; ದೇಶಕಾಲಗಳ ಕಟ್ಟಿನಿಂದ ಬಿಡಿಸಿಕೊಂಡ ಭಯವೊಂದೇ ಅಲ್ಲಿ ಆಸ್ವಾದ್ಯವಾಗುತ್ತದೆ. ಆ ಗೆರೆ ಅಳಿಸಿದರೆ ರಸ ಕೆಡುತ್ತದೆ, ಬರಿಯ ಭಯ ಉಳಿಯುತ್ತದೆ.

ಅಂತರಜಾಲದ ತರುಣರು ಆಟ ಹೂಡಿದ್ದು ಈ ಗೆರೆಯ ಮೇಲೆಯೇ. ೨೦೦೯ರ ಜೂನ್ ೧೦ರಂದು ಅಮೆರಿಕದ ಎರಿಕ್ ನುಡ್ಸನ್ ಎಂಬಾತನು ಮಕ್ಕಳಿರುವ ಎರಡು ಕಪ್ಪುಬಿಳುಪು ಚಿತ್ರಗಳಲ್ಲಿ, ಸೂಟು ತೊಟ್ಟ, ಮುಖವಿಲ್ಲದ, ನೀಳ ಆಕೃತಿಯೊಂದನ್ನು ಕೂಡಿಸಿ ಅದಕ್ಕೆ ‘ಸ್ಲೆಂಡರ್ ಮ್ಯಾನ್’ ಎಂದು ಹೆಸರಿಟ್ಟು ಅಂತರಜಾಲಕ್ಕೆ ಬಿಟ್ಟನು. ಹತ್ತೇ ದಿನಗಳ ಮೇಲೆ ಅಲಬಾಮಾ ಸಂಸ್ಥಾನದ ಟ್ರಾಯ್ ವ್ಯಾಗ್ನರನೂ ಅವನ ಗೆಳೆಯರೂ ‘ಮಾರ್ಬಲ್ ಹಾರ್ನೆಟ್ಸ್’ ಎಂಬ ಧಾರಾವಾಹಿಯನ್ನು ಯೂಟ್ಯೂಬಿನಲ್ಲಿ ಆರಂಭಿಸಿದರು. ಅರ್ಧಕ್ಕೇ ನಿಂತ ವಿದ್ಯಾರ್ಥಿ ಚಿತ್ರವೊಂದರ ಟೇಪುಗಳು ಗೆಳೆಯನೊಬ್ಬನ ಕೈಗೆ ಸಿಗುತ್ತವೆ. ಅವನು ಒಂದೊಂದನ್ನೇ ನೋಡಿ, ಕಂಡದ್ದನ್ನು ಲೋಕಕ್ಕೆ ತೋರಿಸುತ್ತಾನೆ. ಇಷ್ಟೇ ಕಥಾಸೂತ್ರ. ಬಡತನವೇ ಇಲ್ಲಿ ಗುಣವಾಯಿತು. ಕ್ಯಾಮರಾ ನಡುಗುತ್ತದೆ, ಹಿನ್ನೆಲೆ ಸಂಗೀತವಿಲ್ಲ; ಆಕೃತಿ ಸಮೀಪಿಸಿದಾಗ ಚಿತ್ರ ಹರಿದಂತಾಗಿ ಧ್ವನಿ ಒಡೆಯುತ್ತದೆ. ಕಾಣಿಸದೆ ಉಳಿದುದನ್ನು ನೋಡುವವನ ಮನಸ್ಸು ತುಂಬಿಕೊಳ್ಳುತ್ತದೆ. ೮೭ ಕಂತುಗಳಾಗಿ ಹರಿದ ಈ ಕಥೆ ಸರಿಯಾಗಿ ಐದು ವರ್ಷಗಳ ಮೇಲೆ, ೨೦೧೪ರ ಜೂನ್ ೨೦ರಂದು ಮುಗಿಯಿತು.

ಅದು ಮುಗಿಯಲು ಇಪ್ಪತ್ತು ದಿನಗಳಿರುವಾಗ ಘೋರವೊಂದು ನಡೆದುಹೋಗಿತ್ತು. ಮೇ ೩೧ರಂದು ವಿಸ್ಕಾನ್ಸಿನ್ ಸಂಸ್ಥಾನದ ವಾಕೆಷಾ ಎಂಬ ಊರಿನಲ್ಲಿ ೧೨ ವರ್ಷದ ಇಬ್ಬರು ಬಾಲಕಿಯರು ತಮ್ಮ ಸಹಪಾಠಿಯನ್ನು ಕಾಡಿಗೆ ಕರೆದೊಯ್ದು ೧೯ ಸಲ ಚಾಕುವಿನಿಂದ ಇರಿದರು. ಸ್ಲೆಂಡರ್ ಮ್ಯಾನನಿಗಾಗಿ ಹಾಗೆ ಮಾಡಿದೆವೆಂದು ಹೇಳಿದರು. ಇರಿತಕ್ಕೊಳಗಾದ ಮಗು ತೆವಳಿಕೊಂಡು ರಸ್ತೆ ಸೇರಿ, ದೈವಕೃಪೆಯಿಂದ ಬದುಕಿತು. ಇರಿದವರನ್ನು ನ್ಯಾಯಾಲಯವು ಮಾನಸಿಕ ಚಿಕಿತ್ಸಾಲಯಕ್ಕೆ ಕಳುಹಿಸಿತು. ಅವರಲ್ಲೊಬ್ಬಳಿಗೆ ತೀವ್ರವಾದ ಮನೋರೋಗವಿದ್ದುದು ಗೊತ್ತಾಯಿತು. ಕಟ್ಟುಕಥೆಯೆಂದು ಲಕ್ಷಾಂತರ ಜನ ಸವಿದದ್ದು ಆ ಎಳೆಯ ಮನಸ್ಸುಗಳಿಗೆ ಸತ್ಯವಾಗಿಬಿಟ್ಟಿತ್ತು.

ಹಾಗಾದರೆ ನಿಷೇಧಿಸೋಣವೆ? ಆ ಪ್ರಯೋಗವೂ ಆಗಿದೆ. ೧೯೫೪ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗಾರ್ಬಲ್ಸ್ ಬಡಾವಣೆಯ ನೂರಾರು ಮಕ್ಕಳು ಚಾಕು, ಚೂಪಾದ ಕೋಲುಗಳನ್ನು ಹಿಡಿದು ಸ್ಮಶಾನಕ್ಕೆ ನುಗ್ಗಿದರು. ಕಬ್ಬಿಣದ ಹಲ್ಲಿನ ಪಿಶಾಚಿಯೊಂದು ಇಬ್ಬರು ಹುಡುಗರನ್ನು ತಿಂದಿದೆಯೆಂದು ಗಾಳಿಸುದ್ದಿ. ಯಾವ ಹುಡುಗನೂ ಕಾಣೆಯಾಗಿರಲಿಲ್ಲ. ಅಮೆರಿಕದಿಂದ ಬಂದ ಭೂತದ ಚಿತ್ರಕಥೆಗಳೇ ಕಾರಣವೆಂದು ಹಿರಿಯರು ಕೂಗೆಬ್ಬಿಸಿದರು. ಮರುವರ್ಷ, ೧೯೫೫ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಅವುಗಳ ವಿರುದ್ಧ ಕಾನೂನು ಮಾಡಿತು. ಮುಂದೆ ಹುಡುಕಿದ ಕೆಲವು ವಿದ್ವಾಂಸರಿಗೆ ಅಂಥ ಪಿಶಾಚಿ ಆ ಚಿತ್ರಕಥೆಗಳಲ್ಲಿ ಸಿಗಲಿಲ್ಲ. ಕಬ್ಬಿಣದ ಹಲ್ಲಿನ ಮೃಗ ಸಿಕ್ಕಿದ್ದು ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲಿ! ಬೇಲಿ ಹಾಕಿದ್ದು ಒಂದು ಹೊಲಕ್ಕೆ, ದನ ನುಗ್ಗಿದ್ದು ಇನ್ನೊಂದಕ್ಕೆ.

ಅಜ್ಜಿ ಭೂತದ ಕಥೆ ಹೇಳುತ್ತಿದ್ದ ಕಾಲದಲ್ಲಿ ಕಥೆ ನಿಂತ ಮೇಲೂ ಅಜ್ಜಿ ಇರುತ್ತಿದ್ದಳು. ಹೆದರಿದ ಮಗು ಅವಳ ಸೆರಗಿನೊಳಗೆ ಸೇರುತ್ತಿತ್ತು. ಭಯವನ್ನು ಭಯಾನಕ ರಸವಾಗಿಸುತ್ತಿದ್ದದ್ದು ಆ ಸೆರಗು. ಇಂದು ಕಂತು ಮುಗಿದಾಗ ಮಗುವಿನ ಬಳಿ ಯಾರೂ ಇಲ್ಲ. ಕೊರತೆ ಇರುವುದು ಅಲ್ಲಿ.

ಅದನ್ನು ತುಂಬುವುದು ಕಷ್ಟವಲ್ಲ. ಒಂದು ಕಂತನ್ನು ಮಗುವಿನೊಡನೆ ಕುಳಿತು ನೋಡಿ, ‘ಇದನ್ನು ಹೇಗೆ ಮಾಡಿದರಪ್ಪಾ?’ ಎಂದು ಕೇಳಿರಿ. ೨೦೨೨ರ ಜನವರಿಯಲ್ಲಿ ಕೇನ್ ಪಾರ್ಸನ್ಸ್ ಎಂಬ ೧೬ ವರ್ಷದ ಅಮೆರಿಕದ ಹುಡುಗನು ‘ಬ್ಯಾಕ್‌ರೂಮ್ಸ್’ ಎಂಬ ಭೀಕರ ಧಾರಾವಾಹಿಯನ್ನು ಆರಂಭಿಸಿದ್ದು ಬ್ಲೆಂಡರ್ ಎಂಬ ಪುಕ್ಕಟೆ ಸಾಫ್ಟ್‌ವೇರಿನ ನೆರವಿನಿಂದ. ಕೊನೆಯಿಲ್ಲದ ಆ ಹಳದಿ ಕೋಣೆಗಳನ್ನು ಅವನು ಕಟ್ಟಿದ್ದು ತನ್ನ ಕಂಪ್ಯೂಟರಿನೊಳಗೆ. ಭೂತವನ್ನು ಕಟ್ಟಿದವನಿಗೆ ಭೂತದ ಹೆದರಿಕೆ ಇರುವುದಿಲ್ಲ. ಆ ತಿಳಿವು ನಮ್ಮ ಮಕ್ಕಳಿಗೂ ಬಂದರೆ, ಮುಂದಿನ ಕಂತಿಗೆ ಅವರು ಕಾಯಲಿ. ನಾವೂ ಜೊತೆಗೆ ಕಾಯೋಣ.