ಕೀಲನ್ನು ಕಾಯುವ ರಬ್ಬರ್ ಬೂಟು

ಕಾರಿನ ಮುಂಚಕ್ರಗಳಿಗೆ ಎಂಜಿನ್ನಿನ ಶಕ್ತಿ ತಲಪಿಸುವುದು ಬಹುಕಾಲ ಕಠಿಣ ಸಮಸ್ಯೆಯಾಗಿತ್ತು. ಈ ಚಕ್ರಗಳು ಉರುಳುತ್ತಲೇ ಎಡಬಲಕ್ಕೆ ಹೊರಳಬೇಕು. ಹಳ್ಳದಿಣ್ಣೆಗಳಲ್ಲಿ ಮೇಲೆ ಕೆಳಗೆ ಆಡಬೇಕು. ಆದ್ದರಿಂದ ಚಾಲಕ ದಂಡಕ್ಕೆ ಬಾಗುವ ಕೀಲು ಬೇಕು.

ಸ್ಥಿತಿಸ್ಥಾಪಕತೆಯ ನಿಯಮದಿಂದ ನಮಗೆ ಪರಿಚಿತನಾದ ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಇಂಥ ಕೀಲೊಂದನ್ನು ವಿವರಿಸಿದ್ದ. ಅದರಲ್ಲೊಂದು ಕೊರತೆಯಿತ್ತು. ದಂಡಗಳ ನಡುವೆ 30 ಡಿಗ್ರಿ ಬಾಗಿದ್ದರೆ, ಮೊದಲನೆಯದು ಸಮವೇಗದಲ್ಲಿ ತಿರುಗಿದರೂ ಎರಡನೆಯದರ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಸುಮಾರು ಶೇಕಡ 15 ಏರಿ, ಎರಡು ಬಾರಿ ಶೇಕಡ 13 ಇಳಿಯುತ್ತದೆ. ತಿರುವಿನಲ್ಲಿ ಚಕ್ರ ಅದುರುತ್ತದೆ.

1920ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್‌ಫ್ರೆಡ್ ಜೆಪ್ಪಾ ಪರಿಹಾರ ಕಂಡ. ಅವನ ಕೀಲಿನಲ್ಲಿ ಬಾಗಿದ ತೋಡುಗಳೊಳಗಿನ ಆರು ಉಕ್ಕಿನ ಗುಂಡುಗಳು ಬಲವನ್ನು ದಾಟಿಸುತ್ತವೆ. ದಂಡಗಳ ನಡುವಣ ಕೋನವನ್ನು ಸಮಭಾಗ ಮಾಡುವ ಸಮತಲದಲ್ಲೇ ಅವು ಉಳಿಯುವುದರಿಂದ ವೇಗ ಬದಲಾಗದು. 1959ರಲ್ಲಿ ಬ್ರಿಟನ್ನಿನ ಮಿನಿ ಕಾರು ಈ ಬಗೆಯ ಕೀಲನ್ನು ಜನಪ್ರಿಯಗೊಳಿಸಿತು. ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800ರಿಂದ ಮುಂಚಕ್ರ ಚಾಲನೆ ಮನೆಮಾತಾಯಿತು.

ಇಷ್ಟು ನಿಖರವಾದ ಕೀಲಿನ ಆಯುಸ್ಸು ನಿಂತಿರುವುದು ಅದನ್ನು ಮುಚ್ಚಿರುವ ನೆರಿಗೆಯ ರಬ್ಬರ್ ಬೂಟಿನ ಮೇಲೆ. ಕಾರು ಹಳೆಯದಾದಂತೆ ರಬ್ಬರ್ ಗಡುಸಾಗಿ ನೆರಿಗೆಯಲ್ಲಿ ಬಿರಿಯುತ್ತದೆ. ಗ್ರೀಸ್ ಹೊರಕ್ಕೆ ಸಿಡಿಯುತ್ತದೆ. ಒಳನುಗ್ಗಿದ ದೂಳು ಉಳಿದ ಗ್ರೀಸಿನೊಡನೆ ಬೆರೆತು, ಉಜ್ಜುಕಾಗದದಂತೆ ಗುಂಡುಗಳನ್ನೂ ತೋಡುಗಳನ್ನೂ ಸವೆಸುತ್ತದೆ. ತಿರುವಿನಲ್ಲಿ ‘ಕಟಕಟ’ ಸದ್ದು ಕೇಳಿಸುವ ವೇಳೆಗೆ ಸಾಮಾನ್ಯವಾಗಿ ಕೀಲೇ ಸವೆದಿರುತ್ತದೆ. ಆಗ ಬೂಟು ಬದಲಿಸಿ ಫಲವಿಲ್ಲ. ಬಿರುಕು ಕಂಡೊಡನೆ ಕೀಲು ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿ, ಹೊಸ ಬೂಟು ತೊಡಿಸಿ ಪಟ್ಟಿ ಬಿಗಿದರೆ ದುಬಾರಿ ಕೀಲು ಉಳಿಯುತ್ತದೆ.